ಅಕ್ಕೋರಿಗೊಂದು ಪ್ರಶ್ನೆ: ಮಕ್ಕಳನ್ನು ಕೂರಿಸಿಕೊಂಡು ಮನೆ ಪ್ರಾರ್ಥನೆ

ಅಕ್ಟೋಬರ್ ಬಂತು ಅಂದರೆ ನಮ್ಮ ಕಥೋಲಿಕರಿಗೆ ಜಪಸರದ ತಿಂಗಳು, ಅಂದರೆ ಮಣಿ ಸರಿಸುತ್ತ ಮಾತೆ ಮರಿಯಮ್ಮನಿಗೆ ಪ್ರಾರ್ಥಿಸುವ ತಿಂಗಳು. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆ ಪ್ರಾರ್ಥನೆಯ ಬಗ್ಗೆಯೇ ಇವೆ. ಬರೆದವರೆಲ್ಲ ಚಿಕ್ಕ ಮಕ್ಕಳ ತಂದೆ ತಾಯಂದಿರು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಪೂರ್ತಿ ಜಾಗವನ್ನು ಇದಕ್ಕೇ ಬಿಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಕನ್ನಡ ಶಾಲೆಯಲ್ಲಿ ಒಂದನೇ, ಎರಡನೇ ಇಯತ್ತೆಗೆ ಕಲಿಸಿ ನಿವೃತ್ತಳಾದವಳು. ಭಾನುವಾರ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಧರ್ಮೋಪದೇಶದ ಚಿಕ್ಕ ಮಕ್ಕಳ ತರಗತಿಯನ್ನು ಈಗಲೂ ನೋಡಿಕೊಳ್ಳುತ್ತೇನೆ. ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ. ಇಲ್ಲಿ ಹೇಳುವುದೆಲ್ಲ ಆ ಮಕ್ಕಳ ಜೊತೆ ಕೂತು ಕಂಡದ್ದು.

ಅಕ್ಕೋರೇ, ನನಗೆ ಇಬ್ಬರು ಮಕ್ಕಳು. ಮಗಳಿಗೆ ಆರು ವರ್ಷ, ಮಗನಿಗೆ ಮೂರೂವರೆ. ರಾತ್ರಿ ಏಳೂವರೆಗೆ ಅತ್ತೆ ಜಪಸರ ಶುರು ಮಾಡುತ್ತಾರೆ. ಐದೂ ರಹಸ್ಯ (ಯೇಸುಸ್ವಾಮಿ, ಮರಿಯಮ್ಮನವರ ಜೀವನದ ಒಂದೊಂದು ಘಟನೆ ನೆನೆದು ಹತ್ತತ್ತು 'ನಮೋ ಮರಿಯಾ'), ಆಮೇಲೆ ಮಾತೆ ಮರಿಯಮ್ಮನ ಪ್ರಾರ್ಥನಾಮಾಲೆ, ತೀರಿಹೋದವರಿಗಾಗಿ ಪ್ರಾರ್ಥನೆ. ಮುಗಿಯುವಾಗ ಎಂಟು ಗಂಟೆ ದಾಟಿರುತ್ತದೆ. ಮಗ ಎರಡನೇ ರಹಸ್ಯಕ್ಕೇ ನೆಲದ ಮೇಲೆ ಹೊರಳುತ್ತಾನೆ. ಮಗಳು ತಮ್ಮನನ್ನು ಚಿವುಟುತ್ತಾಳೆ. ಅತ್ತೆ ನಡುವೆ ನಿಲ್ಲಿಸಿ ಬೈಯುತ್ತಾರೆ. ಮೊನ್ನೆ ಮಗಳು, 'ಪ್ರಾರ್ಥನೆ ಅಂದ್ರೆ ಬೈಸಿಕೊಳ್ಳೋದು' ಅಂದಳು. ನನಗೆ ಅಳುವೇ ಬಂತು. ಏನು ಮಾಡಲಿ?
— ಕಾಜುಬಾಗ, ಕಾರವಾರ

ತಂಗಿ, ನಿಮ್ಮ ಅತ್ತೆಯ ಜಪಸರ ನಿಲ್ಲಬಾರದು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯ ಹಿರಿಯರು ದಿನಾ ಸಂಜೆ ತಪ್ಪದೆ ಮೊಣಕಾಲೂರುವುದನ್ನು ನೋಡುತ್ತ ಬೆಳೆಯುವುದು ಮಕ್ಕಳ ಭಾಗ್ಯ. ಆದರೆ ಮೂರೂವರೆ ವರ್ಷದ ಮಗು ಅರ್ಧ ಗಂಟೆ ಕದಲದೆ ಕೂರಬೇಕು ಅನ್ನುವುದು ಆಗದ ಮಾತು. ಶಾಲೆಯಲ್ಲೂ ಆ ವಯಸ್ಸಿನವರನ್ನು ಆಗಾಗ ಎಬ್ಬಿಸಿ ಕುಣಿಸಬೇಕಾಗುತ್ತದೆ. ಹೊರಳಾಡುವ ಮಗುವಿಗೆ ಭಕ್ತಿ ಕಡಿಮೆ ಅಂತ ಯಾರೂ ತಿಳಿಯಬೇಡಿ. ಆ ಮೈಯೇ ಹಾಗೆ, ಸುಮ್ನೆ ಇರಲು ಅದಕ್ಕೆ ಬರುವುದಿಲ್ಲ.

ಪ್ರಾರ್ಥನೆಯನ್ನು ಎರಡು ಭಾಗ ಮಾಡಿ. ಮೊದಲ ಏಳೆಂಟು ನಿಮಿಷ ಮಕ್ಕಳೂ ಸೇರಿ ಮಾಡುವುದು. ಆಮೇಲೆ ಅತ್ತೆ, ನೀವು, ನಿಮ್ಮ ಯಜಮಾನರು ಉಳಿದ ಜಪಸರ ಮುಂದುವರಿಸಿ. ಮಕ್ಕಳು ಅಲ್ಲೇ ಚಾಪೆಯ ಮೇಲೆ ಚಿತ್ರ ಬರೆಯಲಿ, ಮಲಗಲಿ, ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಲಿ. ಅಜ್ಜಿಯ ದನಿಯಲ್ಲಿ 'ನಮೋ ಮರಿಯಾ' ಕೇಳುತ್ತ ನಿದ್ದೆ ಹೋದ ಮಗುವಿನ ಕಿವಿಯಲ್ಲಿ ಆ ಪ್ರಾರ್ಥನೆ ಉಳಿಯುತ್ತದೆ. ನಮ್ಮಲ್ಲಿ ಎಷ್ಟೋ ಜನ ಅದನ್ನು ಕಲಿತದ್ದೇ ಹಾಗೆ, ಅಲ್ವಾ?

ಆ ಏಳೆಂಟು ನಿಮಿಷದಲ್ಲಿ ಮಕ್ಕಳಿಗೆ ನಿಜವಾದ ಕೆಲಸ ಇರಬೇಕು. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ದೊಡ್ಡವರು ಪ್ರಾರ್ಥಿಸುವುದನ್ನು ಸುಮ್ನೆ ಕೂತು ನೋಡುವುದಕ್ಕೆ ಮಕ್ಕಳನ್ನು ಕರೆಯಬೇಡಿ. ಅವರೂ ನಮ್ಮ ಹಾಗೇ ದೇವರ ಮುಂದೆ ಬಂದವರು. ಮಗಳಿಗೆ ಆರು ವರ್ಷ ಅಂದಿರಿ. ಅವಳು ಒಂದು ರಹಸ್ಯವನ್ನು ಪೂರ್ತಿ ನಡೆಸಬಲ್ಲಳು. ಅವಳು 'ನಮೋ ಮರಿಯಾ' ಮೊದಲರ್ಧ ಹೇಳಲಿ, ನೀವೆಲ್ಲ ಉಳಿದರ್ಧ ಹೇಳಿ. ಮಣಿ ಸರಿಸುವ ಕೆಲಸ ಮಗನಿಗೆ. ಜಪಸರ ಅವನ ಕೈಯಲ್ಲೇ ಇರಲಿ, ಒಂದು 'ನಮೋ ಮರಿಯಾ' ಮುಗಿದ ಕೂಡಲೇ ಒಂದು ಮಣಿ ಸರಿಸಬೇಕು. ನಮ್ಮ ತರಗತಿಯಲ್ಲಿ ಚಿಕ್ಕವರಿಗೆ ದೊಡ್ಡ ಮಣಿಯ ಜಪಸರ ಕೊಡುತ್ತೇವೆ. ನಾಲಿಗೆ ಸ್ವಲ್ಪ ಹೊರಗೆ ಹಾಕಿ, ಎರಡು ಬೆರಳಲ್ಲಿ ಮಣಿ ಹಿಡಿದು, ದೊಡ್ಡವರ ಬಾಯಿಯನ್ನೇ ನೋಡುತ್ತ ಕಾಯುತ್ತಾರೆ. 'ಆಮೆನ್' ಬಂತು, ಮಣಿ ಸರಿಯಿತು. ಹತ್ತು ಮುಗಿಯುವವರೆಗೆ ಹೊರಳಾಟ ಇರುವುದಿಲ್ಲ. ಹತ್ತು ಮುಗಿದ ಮೇಲೆ ಬಿಟ್ಟುಬಿಡಿ, ಮತ್ತೆ ಹತ್ತಕ್ಕೆ ಎಳೆಯಬೇಡಿ.

ದಿನಕ್ಕೆ ಒಂದೇ ರಹಸ್ಯ ಆದರೆ ಸಾಕಾ ಅಂತ ಅತ್ತೆ ಕೇಳಬಹುದು. ಮೊದಲು ಇದ್ದದ್ದು ಹದಿನೈದು ರಹಸ್ಯ. 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬೆಳಕಿನ ಐದು ರಹಸ್ಯ ಸೇರಿಸಿದರು, ಈಗ ಇಪ್ಪತ್ತು. ದಿನಕ್ಕೊಂದರಂತೆ ಹೋದರೂ ತಿಂಗಳೊಳಗೆ ಮಕ್ಕಳು ಯೇಸುಸ್ವಾಮಿಯ ಜೀವನವನ್ನು ಒಂದು ಸುತ್ತು ಮುಗಿಸುತ್ತಾರೆ. ಕಾನಾ ಊರಿನ ಮದುವೆ ಗುರುವಾರದ ರಹಸ್ಯಗಳಲ್ಲಿ ಬರುತ್ತದೆ. ಮಕ್ಕಳಿಗೆ ಅದು ಬಹಳ ಇಷ್ಟ. ಮದುವೆ ಮನೆಯಲ್ಲಿ ಏನೋ ಕಡಿಮೆ ಬಿತ್ತು, ಅಮ್ಮ ಬಂದು ಮಗನಿಗೆ ಹೇಳಿದಳು ಅಂದರೆ ನಮ್ಮ ಕಡೆಯ ಮಕ್ಕಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ರಹಸ್ಯದ ಬದಲು ಕೆಲವು ದಿನ ಶುಭಸಂದೇಶದ (ಬೈಬಲಿನಲ್ಲಿ ಯೇಸುಸ್ವಾಮಿಯ ಜೀವನ ಹೇಳುವ ಭಾಗದ) ಒಂದು ಕಥೆ ಹೇಳಿ. ಓದಬೇಡಿ, ಹೇಳಿ. ಮಾರ್ಕನ ನಾಲ್ಕನೇ ಅಧ್ಯಾಯದಲ್ಲಿ ಬಿರುಗಾಳಿಯ ಕಥೆ ಇದೆ. ದೋಣಿಗೆ ನೀರು ನುಗ್ಗುತ್ತಿದೆ, ಯೇಸುಸ್ವಾಮಿ ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ತಲೆಯಿಟ್ಟು ಮಲಗಿದ್ದಾರೆ. ಆ ದಿಂಬಿನ ಮಾತು ಮಾರ್ಕ ಒಬ್ಬನೇ ಬರೆದಿದ್ದಾನೆ. ನಾನು ಇದನ್ನು ಹೇಳುವಾಗ ಒಂದು ದಿಂಬು, ಒಂದು ಹೊದಿಕೆ ತೆಗೆದುಕೊಳ್ಳುತ್ತೇನೆ. ಒಬ್ಬ ಹುಡುಗ ದಿಂಬಿನ ಮೇಲೆ ಮಲಗುತ್ತಾನೆ. ಉಳಿದವರು ಹೊದಿಕೆಯ ನಾಲ್ಕು ಮೂಲೆ ಹಿಡಿದು ಅಲೆ ಎಬ್ಬಿಸುತ್ತಾರೆ. ಜುಲೈ ತಿಂಗಳ ಕಡಲಿನ ಸದ್ದು ಕಾರವಾರದ ಮಕ್ಕಳಿಗೆ ಗೊತ್ತು, ಬಾಯಲ್ಲೇ ಆ ಸದ್ದು ಮಾಡುತ್ತಾರೆ. ಮಲಗಿದವನು ಎದ್ದು 'ಸುಮ್ಮನಿರು' ಅಂದ ಕೂಡಲೇ ಹೊದಿಕೆ ನೆಲಕ್ಕೆ ಇಳಿಯಬೇಕು, ಯಾರೂ ಉಸಿರು ಕೂಡ ಬಿಡಬಾರದು. ಆ ಮೌನದಲ್ಲಿ ಒಂದೇ ಪ್ರಶ್ನೆ ಕೇಳುತ್ತೇನೆ: 'ನಿಮಗೆ ಯಾವಾಗ ಹೆದರಿಕೆ ಆಗುತ್ತದೆ?' ಮಕ್ಕಳು ಹೇಳುವ ಉತ್ತರವೇ ಅವತ್ತಿನ ಪ್ರಾರ್ಥನೆ. ಕತ್ತಲೆ, ನಾಯಿ, ಅಪ್ಪ ಅಮ್ಮನ ಜಗಳ. ಅದಕ್ಕೆ ನಾವು ಬೇರೆ ಮಾತು ಸೇರಿಸಬೇಕಿಲ್ಲ.

ಕಡೆಗೆ ಎಲ್ಲರೂ ಒಂದು ಥ್ಯಾಂಕ್ಸ್, ಒಂದು ಬೇಡಿಕೆ. ಮಗ 'ಐಸ್‌ಕ್ರೀಮಿಗೆ ಥ್ಯಾಂಕ್ಸ್' ಅಂದರೆ ನಗಬೇಡಿ, ತಿದ್ದಬೇಡಿ. ನೀವೂ ನಿಮ್ಮ ದಿನದ ನಿಜವಾದ ಒಂದು ಮಾತು ಹೇಳಿ. ಆಮೇಲೆ ಬೆಸಾಂವ್. ಮಕ್ಕಳು ಕೈಮುಗಿದು ಅಜ್ಜಿಯ ಮುಂದೆ ನಿಂತು ಆಶೀರ್ವಾದ ಕೇಳುವ ಈ ಪದ್ಧತಿ ಎಷ್ಟೋ ಮನೆಗಳಲ್ಲಿ ಬಿಟ್ಟುಹೋಗುತ್ತಿದೆ. ನಿಮ್ಮ ಮನೆಯಲ್ಲಿ ಬಿಡಬೇಡಿ. ಪ್ರಾರ್ಥನೆಯ ಕೊನೆಗೆ ಮಗಳ ತಲೆಯ ಮೇಲೆ ಅಜ್ಜಿಯ ಕೈ ಬೀಳಲಿ. ಬೈಗುಳದ ನೆನಪು ಆ ಕೈಯಿಂದಲೇ ಹೋಗುತ್ತದೆ.

ಅತ್ತೆಗೆ ಹೇಗೆ ಹೇಳುವುದು ಅನ್ನುವುದೇ ನಿಮ್ಮ ನಿಜವಾದ ಕಷ್ಟ ಅಂತ ನನಗೆ ಕಾಣುತ್ತದೆ. 'ನಿಮ್ಮ ಜಪಸರ ಉದ್ದ ಆಯಿತು' ಅನ್ನಬೇಡಿ. 'ಮಕ್ಕಳಿಗೆ ಕಥೆ ನೀವೇ ಹೇಳಿ, ನನಗೆ ನಿಮ್ಮಷ್ಟು ಚೆನ್ನಾಗಿ ಬರುವುದಿಲ್ಲ' ಅನ್ನಿ. ಅದು ಸುಳ್ಳೂ ಅಲ್ಲ. ಸಂತ ಪೌಲ ತಿಮೊಥೇಯನಿಗೆ ಬರೆಯುವಾಗ ಅವನ ವಿಶ್ವಾಸ ಮೊದಲು ಅವನ ಅಜ್ಜಿಯಲ್ಲಿ, ಆಮೇಲೆ ತಾಯಿಯಲ್ಲಿ ಇತ್ತು ಅಂತ ನೆನಪಿಸುತ್ತಾನೆ. ಈ ಮಾತನ್ನು ಅತ್ತೆಗೆ ಓದಿ ಹೇಳಿ. ಮಾರ್ಕನ ಹತ್ತನೇ ಅಧ್ಯಾಯವನ್ನೂ ಒಂದು ದಿನ ಎಲ್ಲರೂ ಸೇರಿ ಓದಿ. ಜನ ಮಕ್ಕಳನ್ನು ಕರೆತಂದರು, ಶಿಷ್ಯರು ಗದರಿಸಿದರು, ಯೇಸುಸ್ವಾಮಿ ಕೋಪಗೊಂಡದ್ದು ಶಿಷ್ಯರ ಮೇಲೆ. ಆ ಮಕ್ಕಳೇನು ಕೈಕಟ್ಟಿ ಸಾಲಾಗಿ ಬಂದಿರಲಿಕ್ಕಿಲ್ಲ. ಅವರನ್ನು ಅಪ್ಪಿಕೊಂಡು, ಕೈಯಿಟ್ಟು ಹರಸಿದರು.

ಇನ್ನು ಸಣ್ಣಪುಟ್ಟದ್ದು. ಅಣ್ಣತಂಗಿಯರು, ಅಕ್ಕತಮ್ಮಂದಿರು ಪಕ್ಕಪಕ್ಕ ಕೂರುವುದು ಬೇಡ, ಅಜ್ಜಿಯ ಆಚೆಗೊಬ್ಬರು ಈಚೆಗೊಬ್ಬರು ಕೂರಲಿ. ಏಳೂವರೆಗೆ ಮಕ್ಕಳಿಗೆ ಹಸಿವು. ಏಳಕ್ಕೆ ತನ್ನಿ, ಇಲ್ಲವೇ ಮೊದಲು ಏನಾದರೂ ತಿನ್ನಿಸಿ. ಮೇಣದಬತ್ತಿಯನ್ನು ಮರಳು ತುಂಬಿದ ಸ್ಟೀಲ್ ಲೋಟದಲ್ಲಿ ನಿಲ್ಲಿಸಿ, ಕಡ್ಡಿಪೆಟ್ಟಿಗೆಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಎತ್ತರದಲ್ಲಿ ಇಡಿ. ಹಚ್ಚುವುದು ದೊಡ್ಡವರು, ಆರಿಸುವುದು ಮಕ್ಕಳು, ಒಂದು ದಿನ ಅವಳು, ಒಂದು ದಿನ ಇವನು. ಈ ಸರದಿ ತಪ್ಪಿಸಬೇಡಿ, ಮಕ್ಕಳು ಅದನ್ನು ಮರೆಯುವುದಿಲ್ಲ.

ಒಂದನ್ನು ಮಾತ್ರ ಎಲ್ಲ ಪೋಷಕರಿಗೂ ಕೈಮುಗಿದು ಹೇಳುತ್ತೇನೆ. ಪ್ರಾರ್ಥನೆಯನ್ನು ಶಿಕ್ಷೆ ಮಾಡಬೇಡಿ. 'ತಪ್ಪು ಮಾಡಿದೆ, ಹತ್ತು ನಮೋ ಮರಿಯಾ ಹೇಳು' ಅನ್ನುವುದನ್ನು ನಾನು ಬೇಕಾದಷ್ಟು ಕಡೆ ಕೇಳಿದ್ದೇನೆ. 'ದೇವರು ಕಣ್ಣು ಕೀಳುತ್ತಾನೆ' ಅನ್ನುವುದನ್ನೂ ಕೇಳಿದ್ದೇನೆ. ಮಗುವಿಗೆ ದೇವರ ಪರಿಚಯ ಹೆದರಿಕೆಯಿಂದ ಶುರುವಾದರೆ ಆಮೇಲೆ ಅದನ್ನು ತೆಗೆಯುವುದು ಬಹಳ ಕಷ್ಟ.

ನನ್ನ ಗಂಡ ಟ್ರಾಲರ್ ಬೋಟಿನಲ್ಲಿ ಖಲಾಸಿ. ಕಡಲಿಗೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಮಕ್ಕಳು ನಾಲ್ಕು ಮತ್ತು ಎಂಟು ವರ್ಷದವರು. ಮನೆ ಪ್ರಾರ್ಥನೆ ಗಂಡಸರೇ ನಡೆಸಬೇಕು ಅಂತ ನಮ್ಮ ಓಣಿಯಲ್ಲಿ ಒಬ್ಬರು ಹೇಳಿದರು. ನಾನೊಬ್ಬಳೇ ನಡೆಸಬಹುದಾ? ಅವರು ಮನೆಯಲ್ಲಿದ್ದಾಗಲೂ 'ನನಗೆ ಬರುವುದಿಲ್ಲ' ಅಂತ ಹಿಂದೆ ಕೂರುತ್ತಾರೆ.
— ಬೈತಖೋಲ, ಕಾರವಾರ

ಧಾರಾಳವಾಗಿ ನಡೆಸಬಹುದು. ಲೋಕದ ಕಥೋಲಿಕ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆ ಅಂತ ಕರೆಯಿತು. ಮಕ್ಕಳಿಗೆ ವಿಶ್ವಾಸವನ್ನು ಮೊದಲು ಸಾರುವವರು ತಂದೆತಾಯಿ ಅಂತ ಇಬ್ಬರನ್ನೂ ಸೇರಿಸಿ ಹೇಳಿತು. ಅದಕ್ಕೂ ಬಹಳ ಹಿಂದಿನ ಒಂದು ಸಂಗತಿ ಕೇಳಿ. ಗೋವಾದಲ್ಲಿ ಹುಟ್ಟಿದ ಸಂತ ಜೋಸೆಫ್ ವಾಜ್ 1681ರಿಂದ 1684ರವರೆಗೆ ನಮ್ಮ ಈ ಕೆನರಾ ಸೀಮೆಯಲ್ಲಿ ಸೇವೆ ಮಾಡಿದವರು. 1687ರಲ್ಲಿ ಅವರು ಸಿಂಹಳಕ್ಕೆ, ಅಂದರೆ ಇಂದಿನ ಶ್ರೀಲಂಕಾಕ್ಕೆ ಹೋದರು. ಅಲ್ಲಿನ ಕರಾವಳಿಯಲ್ಲಿ ಡಚ್ಚರ ಆಳ್ವಿಕೆ, ಕಥೋಲಿಕ ಗುರುಗಳು ಕಾಲಿಡುವ ಹಾಗಿರಲಿಲ್ಲ. ಅವರು ಭಿಕ್ಷುಕನ ಹಾಗೆ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆ ತಿರುಗಿದರು. ಜಪಸರ ನೋಡಿ ಗುರುತು ಹಿಡಿದ ಮನೆಗಳು ಬಾಗಿಲು ತೆರೆದವು. ಎಷ್ಟೋ ವರ್ಷ ಗುರುಗಳಿಲ್ಲ, ಪೂಜೆಯಿಲ್ಲ. ಆದರೂ ಆ ಮನೆಗಳ ಒಳಗೆ ಪ್ರಾರ್ಥನೆ ಉಳಿದಿತ್ತು. ಉಳಿಸಿದವರಲ್ಲಿ ತಾಯಂದಿರು, ಅಜ್ಜಿಯರು ಇರಲೇಬೇಕು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತ ಎಂದು ಘೋಷಿಸಿದರು. ನಾವೂ 2020ರ ಲಾಕ್‌ಡೌನಿನಲ್ಲಿ ಪವಿತ್ರ ವಾರವನ್ನು ಮನೆಯಲ್ಲೇ ಕಳೆದವರು. ಆಗ ಪ್ರಾರ್ಥನೆ ನಡೆಸಿದ್ದು ಮನೆಯಲ್ಲಿ ಇದ್ದವರೇ ತಾನೆ?

ಪ್ರತಿ ರಾತ್ರಿ ಮಲಗುವ ಮುಂಚೆ ಹೆಬ್ಬೆರಳಿನಿಂದ ಮಕ್ಕಳ ಹಣೆಯ ಮೇಲೆ ಶಿಲುಬೆ ಗುರುತು ಹಾಕಿ. ಅಪ್ಪನ ಬೋಟಿನ ಹೆಸರು ಹಿಡಿದು, ಬೋಟು ನಡೆಸುವ ತಾಂಡೇಲ, ಉಳಿದ ಖಲಾಸಿಗಳು ಎಲ್ಲರಿಗಾಗಿ ಪ್ರಾರ್ಥಿಸಲು ಮಕ್ಕಳಿಗೆ ಹೇಳಿ. ಬೇರೆ ಧರ್ಮದವರೂ ಆ ಬೋಟಿನಲ್ಲಿ ಇರುತ್ತಾರೆ, ಅವರನ್ನೂ ಸೇರಿಸಿ. ಬೋಟು ದಡದ ಹತ್ತಿರ ಬಂದು ಸಿಗ್ನಲ್ ಸಿಕ್ಕಿದಾಗ ಫೋನಿನಲ್ಲೇ ಒಂದು 'ಪರಲೋಕದಲ್ಲಿರುವ ನಮ್ಮ ತಂದೆಯೇ' ಆಗಲಿ.

ಯಜಮಾನರಿಗೆ ನನ್ನದೊಂದು ಕೋರಿಕೆ ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ, ಬೋಟು ಕಡಲಿಗೆ ಇಳಿಯುವಂತಿಲ್ಲ, ಅವರು ಮನೆಯಲ್ಲೇ ಇರುತ್ತಾರೆ. ಆಗ ಯೊವಾನ್ನನ ಶುಭಸಂದೇಶದ ಕೊನೆಯ ಅಧ್ಯಾಯದ ಕಥೆಯನ್ನು ಮಕ್ಕಳಿಗೆ ಅವರೇ ಹೇಳಲಿ. ರಾತ್ರಿಯೆಲ್ಲ ಬಲೆ ಬೀಸಿದರೂ ಏನೂ ಸಿಗಲಿಲ್ಲ. ಬೆಳಗ್ಗೆ ದಡದಲ್ಲಿ ನಿಂತ ಒಬ್ಬರು ದೋಣಿಯ ಬಲಗಡೆ ಬೀಸಿ ಅಂದರು. 153 ದೊಡ್ಡ ಮೀನು ಬಂದವು, ಬಲೆ ಹರಿಯಲಿಲ್ಲ. ದಡಕ್ಕೆ ಬಂದರೆ ಕೆಂಡ ಸಿದ್ಧವಾಗಿತ್ತು, ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಬರಿಗೈಯಲ್ಲಿ ದಡಕ್ಕೆ ಬರುವುದು ಅಂದರೆ ಏನು ಅಂತ ನಿಮ್ಮ ಯಜಮಾನರಿಗೆ ಗೊತ್ತು. ಅಷ್ಟು ಭಾರಕ್ಕೆ ಬಲೆ ಹರಿಯದಿದ್ದದ್ದು ಯಾಕೆ ದೊಡ್ಡ ಮಾತು ಅಂತಲೂ ಗೊತ್ತು. ಮೀನು ಎಣಿಸಿದವರು ಯಾಕೆ ಎಣಿಸಿದರು ಅಂತ ಮಕ್ಕಳು ಕೇಳಿದರೆ ಅವರಿಗಿಂತ ಚೆನ್ನಾಗಿ ಯಾರು ಹೇಳುತ್ತಾರೆ? ಸಾಧ್ಯವಾದರೆ ಕಥೆಯ ಆಮೇಲೆ ಹಿತ್ತಿಲಲ್ಲಿ ಕೆಂಡ ಮಾಡಿ ನಾಲ್ಕು ಬಂಗಡೆ ಸುಟ್ಟು ತಿನ್ನಿ. ಮಳೆಗಾಲದಲ್ಲಿ ಮೀನು ದುಬಾರಿ, ಒಣಮೀನಾದರೂ ನಡೆಯುತ್ತದೆ.

ಕೈಗಾದಲ್ಲಿ ಶಿಫ್ಟ್ ಡ್ಯೂಟಿ. ಒಂದು ವಾರ ಬೆಳಗ್ಗೆ, ಒಂದು ವಾರ ರಾತ್ರಿ. ದಿನಾ ಒಂದೇ ಹೊತ್ತಿಗೆ ಪ್ರಾರ್ಥನೆ ಮಾಡಲು ಆಗುತ್ತಿಲ್ಲ.
— ಮಲ್ಲಾಪುರ

ಗಡಿಯಾರಕ್ಕೆ ಕಟ್ಟಬೇಡಿ, ಮಕ್ಕಳು ಮಲಗುವ ಹೊತ್ತಿಗೆ ಕಟ್ಟಿ. ಅದು ನಿಮ್ಮ ಶಿಫ್ಟ್ ನೋಡಿ ಬದಲಾಗುವುದಿಲ್ಲ. ನೀವಿಲ್ಲದ ರಾತ್ರಿ ನಿಮ್ಮ ಪತ್ನಿ ನಡೆಸಲಿ. ನೈಟ್ ಡ್ಯೂಟಿ ಇದ್ದರೆ ಮನೆ ಬಿಡುವ ಮುಂಚೆ ಬಾಗಿಲಲ್ಲಿ ನಿಂತು ಮಕ್ಕಳನ್ನು ಹರಸಿ ಹೋಗಿ, ಅರ್ಧ ನಿಮಿಷದ ಕೆಲಸ. ರಜೆಯ ದಿನ ಸ್ವಲ್ಪ ಉದ್ದ ಮಾಡಿ, ಹಾಡಿ. ಒಂದೆರಡು ದಿನ ತಪ್ಪಿತು ಅಂತ ಪೂರ್ತಿ ಕೈಬಿಡುವವರು ಜಾಸ್ತಿ. ತಪ್ಪಿದ ಮರುದಿನ ಏನೂ ಆಗದವರ ಹಾಗೆ ಕೂರಿ.

ನಾನು ಧಾರವಾಡದ ಸಿ.ಎಸ್.ಐ. (ಪ್ರೊಟೆಸ್ಟೆಂಟ್ ಸಭೆ) ಮನೆಯವಳು. ಗಂಡ ಕೊಂಕಣಿ ಕಥೋಲಿಕರು. ನಮ್ಮ ತವರಿನಲ್ಲಿ ಕನ್ನಡ ಕೀರ್ತನೆ ಹಾಡಿ, ಸತ್ಯವೇದ (ಬೈಬಲ್) ಓದಿ ಕುಟುಂಬ ಪ್ರಾರ್ಥನೆ ಮಾಡುತ್ತಿದ್ದೆವು. ಇಲ್ಲಿ ಕೊಂಕಣಿಯಲ್ಲಿ ತೇರ್ಸ್, ಅಂದರೆ ಜಪಸರ. ಐದು ವರ್ಷದ ಮಗ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಪ್ರಾರ್ಥನೆ ಕಲಿತು ಬರುತ್ತಾನೆ. ಯಾವ ಭಾಷೆಯಲ್ಲಿ ಕಲಿಸಲಿ? ಯಾರ ಪದ್ಧತಿ ಹಿಡಿಯಲಿ?
— ಶಿರಸಿ

ಬಿದ್ದು ಮೊಣಕಾಲು ತರಚಿದಾಗ ಮಗ ಯಾವ ಭಾಷೆಯಲ್ಲಿ ಅಳುತ್ತಾನೆ? ತನ್ನದೇ ಮಾತಿನ ಪ್ರಾರ್ಥನೆಯನ್ನು ಆ ಭಾಷೆಯಲ್ಲಿ ಮಾಡಲಿ. ಬಾಯಿಪಾಠದ ಪ್ರಾರ್ಥನೆ ಬೇರೆ. 'ನಮ್ಮ ತಂದೆಯೇ' ಮೊದಲು ಒಂದು ಭಾಷೆಯಲ್ಲಿ ಗಟ್ಟಿಯಾಗಲಿ. ಏಳು ವರ್ಷದ ಹೊತ್ತಿಗೆ ಇನ್ನೊಂದು ತಾನಾಗಿ ಬರುತ್ತದೆ, ಮಕ್ಕಳಿಗೆ ಅದು ಭಾರವಲ್ಲ. ಅಜ್ಜಿಯ ಹತ್ತಿರ ಬೆಸಾಂವ್ ಕೇಳುವುದು ಮಾತ್ರ ಕೊಂಕಣಿಯಲ್ಲೇ ಇರಲಿ.

ನನಗೆ ಇಷ್ಟವಾದ ಒಂದು ಸಂಗತಿ ಇದೆ. 1960ರ ದಶಕದವರೆಗೆ ನಮ್ಮ ಇಗರ್ಜಿಗಳಲ್ಲಿ ಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಆ ಕಾಲದಲ್ಲೂ ಮನೆಯ ಜಪಸರ ನಮ್ಮ ಮನೆಮಾತಿನಲ್ಲೇ ಇತ್ತು. ದೇವರ ಜೊತೆ ಸ್ವಂತ ಭಾಷೆಯಲ್ಲಿ ಮಾತಾಡುವುದನ್ನು ನಮ್ಮ ಜನ ಮನೆಯಲ್ಲೇ ಕಲಿತರು. ನಿಮ್ಮ ತವರಿನ ಕಡೆಯ ಕಥೆಯೂ ಕಡಿಮೆಯದಲ್ಲ. ನಿಮ್ಮ ಸಭೆಗೆ ಬೇರಾದ ಪ್ರೊಟೆಸ್ಟೆಂಟ್ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, ಆಮೇಲೆ ಧಾರವಾಡಕ್ಕೂ ಬಂತು. 1894ರ ಕನ್ನಡ ನಿಘಂಟಿನಿಂದ ಆ ಮಿಷನ್ನಿನ ಕಿಟೆಲ್ ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ, 1862ರಲ್ಲೇ, ಅವರು ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ 'ಕಥಾಮಾಲೆ' ಅಂತ ಬರೆದಿದ್ದರು. ಆ ಹಾಡುವ ಸಂಪ್ರದಾಯ ನಿಮ್ಮ ಆಸ್ತಿ. ಮಗನಿಗೆ ಅದು ಸಿಗಲೇಬೇಕು.

ಪದ್ಧತಿಯ ವಿಷಯದಲ್ಲಿ ಗೆಲ್ಲುವವರು ಸೋಲುವವರು ಬೇಡ. ಜಗಳವಿಲ್ಲದೆ ಇಬ್ಬರೂ ಮಾಡಬಲ್ಲದ್ದು ಬೇಕಾದಷ್ಟಿದೆ. ನಿಮ್ಮ ಹಾಡಿನಿಂದ ಶುರು ಮಾಡಿ, ಸತ್ಯವೇದದ ಒಂದು ಚಿಕ್ಕ ಭಾಗ ಓದಿ, ಎಲ್ಲರೂ ಸೇರಿ 'ನಮ್ಮ ತಂದೆಯೇ' ಹೇಳಿ. ಆಮೇಲೆ ಗಂಡ, ಅತ್ತೆ ತೇರ್ಸ್ ಹೇಳುವಾಗ ಮಗ ಅವರ ಪಕ್ಕ ಕೂರಲಿ. ಸತ್ಯವೇದದ 117ನೇ ಕೀರ್ತನೆ ಎರಡೇ ವಚನ, ಐದು ವರ್ಷದವನು ಪೂರ್ತಿ ಕಲಿಯಬಲ್ಲ. 136ನೇ ಕೀರ್ತನೆಯಲ್ಲಿ 26 ವಚನ, ಪ್ರತಿಯೊಂದರ ಕೊನೆಗೂ ದೇವರ ಪ್ರೀತಿ ಶಾಶ್ವತ ಅನ್ನುವ ಒಂದೇ ಮಾತು ಬರುತ್ತದೆ. ನೀವು ಮೊದಲ ಸಾಲು ಓದಿ, ಮಗ ಆ ಮಾತನ್ನು ಕೂಗಲಿ. ಇನ್ನೂ ಓದಲು ಬಾರದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕೀರ್ತನೆ ನನಗೆ ಸಿಕ್ಕಿಲ್ಲ. ಹಾಗೆಯೇ, ಪ್ರೊಟೆಸ್ಟೆಂಟ್ ಪಂಥಕ್ಕೆ ದಾರಿ ತೆರೆದ ಮಾರ್ಟಿನ್ ಲೂಥರ್ 1529ರಲ್ಲಿ ಬರೆದ ಚಿಕ್ಕ ಧರ್ಮೋಪದೇಶದಲ್ಲಿ ಬೆಳಗಿನ, ರಾತ್ರಿಯ, ಊಟದ ಪ್ರಾರ್ಥನೆಗಳನ್ನು ಮನೆಯ ಯಜಮಾನ ಮನೆಯವರಿಗೆ ಕಲಿಸಲಿ ಅಂತ ಇಟ್ಟಿದ್ದಾನೆ. ಆ ಬೆಳಗಿನ ಪ್ರಾರ್ಥನೆಯನ್ನು ಶಿಲುಬೆ ಗುರುತಿನಿಂದಲೇ ಶುರು ಮಾಡಲು ಹೇಳುತ್ತಾನೆ. ನಿಮ್ಮ ಎರಡು ಮನೆಗಳು ತಿಳಿದಷ್ಟು ದೂರ ಇಲ್ಲ.

ನನ್ನ ಮಾವನವರು ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಏಳು ವರ್ಷದ ಮಗ ಪ್ರತಿ ರಾತ್ರಿ ಅಜ್ಜನಿಗಾಗಿ ಪ್ರಾರ್ಥನೆ ಮಾಡುತ್ತಿದ್ದ. ಈಗ 'ದೇವರು ಕೇಳಲಿಲ್ಲ, ನಾನು ಬರುವುದಿಲ್ಲ' ಅಂತ ಪ್ರಾರ್ಥನೆಗೆ ಕೂರುವುದಿಲ್ಲ. ಬಲವಂತ ಮಾಡಬೇಕಾ?
— ಹೊನ್ನಾವರ

ಬಲವಂತ ಬೇಡ. ನಿಮ್ಮ ಮಗ ದೇವರ ಮೇಲೆ ಸಿಟ್ಟಾಗಿದ್ದಾನೆ ಅಂದರೆ ದೇವರು ಇದ್ದಾನೆ, ಕೇಳಬೇಕಿತ್ತು ಅಂತ ನಂಬಿದ್ದಾನೆ. ಆ ಸಿಟ್ಟಿಗೆ ಮನೆಯಲ್ಲಿ ಜಾಗ ಕೊಡಿ. ಪ್ರಾರ್ಥನೆಗೆ ಕೂತಾಗ ಅವನ ಜಾಗ ಖಾಲಿ ಇಡಿ. 'ಬಾ' ಅಂತ ಒಂದು ಸಲ ಕರೆಯಿರಿ. ಬರದಿದ್ದರೆ ಸುಮ್ಮನಿದ್ದುಬಿಡಿ, ಕೇಳುವಷ್ಟು ಹತ್ತಿರ ಎಲ್ಲೋ ಇರುತ್ತಾನೆ.

ಅವನಿಗೆ ಏನು ಹೇಳಬಾರದು ಅನ್ನುವುದು ಮೊದಲು. 'ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ' ಅನ್ನಬೇಡಿ. ಹಾಗಾದರೆ ಒಳ್ಳೆಯವನಾಗುವುದೇ ಅಪಾಯ ಅಂತ ಮಗು ತಿಳಿಯುತ್ತದೆ. 'ಅಜ್ಜ ಮಲಗಿದ್ದಾರೆ' ಅನ್ನಬೇಡಿ, ರಾತ್ರಿ ಕಣ್ಣು ಮುಚ್ಚಲು ಹೆದರುತ್ತಾನೆ. 'ಇನ್ನೂ ಚೆನ್ನಾಗಿ ಪ್ರಾರ್ಥಿಸಬೇಕಿತ್ತು' ಅನ್ನುವ ಮಾತು ಯಾರ ಬಾಯಿಂದಲೂ ಅವನ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳಿ. ಅಜ್ಜ ಸತ್ತದ್ದು ತನ್ನಿಂದ ಅಂತ ಏಳು ವರ್ಷದ ಮಗು ಯಾರಿಗೂ ಹೇಳದೆ ನಂಬಿಕೊಂಡು ಕೂರಬಹುದು. ಒಂದು ದಿನ ಅವನನ್ನು ಒಬ್ಬನೇ ಕೂರಿಸಿಕೊಂಡು ನೇರವಾಗಿ ಹೇಳಿ: 'ಅಜ್ಜನಿಗೆ ಕಾಯಿಲೆ ತುಂಬಾ ಜಾಸ್ತಿ ಆಗಿತ್ತು. ಡಾಕ್ಟರು ಎಲ್ಲ ಮಾಡಿದರು. ಮೈ ತಡೆದುಕೊಳ್ಳಲಿಲ್ಲ. ನಿನ್ನ ಪ್ರಾರ್ಥನೆ ಚೆನ್ನಾಗಿತ್ತು. ನೀನು ಏನೂ ತಪ್ಪು ಮಾಡಿಲ್ಲ.'

ದೇವರು ಯಾಕೆ ಕೇಳಲಿಲ್ಲ ಅಂತ ಅವನು ಕೇಳಿದರೆ, 'ನನಗೂ ಗೊತ್ತಿಲ್ಲ, ನನಗೂ ದುಃಖ ಆಗಿದೆ' ಅನ್ನಿ. ತಾಯಿ ಹಾಗೆ ಹೇಳಿದರೆ ವಿಶ್ವಾಸ ಕಡಿಮೆ ಆಗುವುದಿಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ಯೇಸುಸ್ವಾಮಿ ಪ್ರಾರ್ಥಿಸಿದ ಗೆತ್ಸೆಮನಿ ತೋಟದ ಕಥೆ ಹೇಳಿ. ಈ ಪಾತ್ರೆ ನನ್ನಿಂದ ತೊಲಗಲಿ ಅಂತ ಯೇಸುಸ್ವಾಮಿಯೇ ಬೇಡಿಕೊಂಡರು, ಅದು ತೊಲಗಲಿಲ್ಲ. ಬೇಡಿದ್ದು ಸಿಗದಿರುವ ನೋವು ಅವರಿಗೆ ಗೊತ್ತು. ಗೆಳೆಯ ಲಾಜರನ ಸಮಾಧಿಯ ಹತ್ತಿರ ಅವರು ಅತ್ತರು. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅತ್ತರು. ಇದನ್ನು ಹೇಳಿದಾಗ ನಮ್ಮ ತರಗತಿಯ ಮಕ್ಕಳು ಯಾವಾಗಲೂ ಒಂದು ಗಳಿಗೆ ಸುಮ್ಮನಾಗುತ್ತಾರೆ. ದೇವರ ಮಗ ಅತ್ತದ್ದು ಅವರಿಗೆ ಹೊಸ ಸುದ್ದಿ. 13ನೇ ಕೀರ್ತನೆ 'ಎಷ್ಟು ಕಾಲ ನನ್ನನ್ನು ಮರೆತಿರುವೆ' ಅಂತ ದೇವರನ್ನೇ ಕೇಳುತ್ತದೆ. ಸಿಟ್ಟಿನಲ್ಲೂ ಪ್ರಾರ್ಥಿಸಬಹುದು ಅಂತ ಅವನಿಗೆ ಇದರಿಂದ ಗೊತ್ತಾಗಲಿ.

ನವೆಂಬರ್ 2 ಹತ್ತಿರ ಬರುತ್ತಿದೆ. ತೀರಿಹೋದವರನ್ನೆಲ್ಲ ನೆನೆಯುವ ಆ ದಿನ ಅವನನ್ನು ಅಜ್ಜನ ಸಮಾಧಿಗೆ ಕರೆದುಕೊಂಡು ಹೋಗಿ. ಹುಲ್ಲು ಕೀಳುವ, ನೀರು ಹಾಕಿ ತೊಳೆಯುವ ಕೆಲಸ ಅವನಿಗೆ ಕೊಡಿ. ಹೂ ಅವನೇ ಆರಿಸಲಿ, ಮೇಣದಬತ್ತಿ ಅವನೇ ನಿಲ್ಲಿಸಲಿ. 'ಅಜ್ಜನಿಗೆ ನಿತ್ಯ ವಿಶ್ರಾಂತಿ ಕೊಡು' ಅಂತ ನೀವು ಹೇಳಿ. ಅವನು ಹೇಳಿದರೆ ಹೇಳಲಿ. ಅಜ್ಜನಿಗಾಗಿ ಈಗಲೂ ತಾನು ಏನೋ ಮಾಡಬಲ್ಲೆ ಅನ್ನುವುದು ಅವನ ಕೈಗೆ ತಿಳಿಯಬೇಕು.

ವಾರಗಳು ಕಳೆದರೂ ಊಟ ಸೇರದೆ, ನಿದ್ದೆ ಬಾರದೆ, ಶಾಲೆಯಲ್ಲಿ ಯಾರ ಜೊತೆಗೂ ಸೇರದೆ ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಪ್ರಾರ್ಥನೆ ಸಾಕು ಅಂತ ಅದನ್ನು ಮುಂದೂಡಬೇಡಿ.

ಮೊಬೈಲಿನಲ್ಲಿ ಬೈಬಲ್ ಕಾರ್ಟೂನ್ ಹಾಕಿ ಪ್ರಾರ್ಥನೆ ಮಾಡಿಸಬಹುದಾ? ಇಲ್ಲವಾದರೆ ಮಕ್ಕಳು ಕೂರುವುದೇ ಇಲ್ಲ.
— ಅಂಕೋಲಾ

ಹಗಲಲ್ಲಿ ನೋಡಲಿ, ಹಾಡಿನ ರಾಗ ಕಲಿಯಲಿ, ಅಡ್ಡಿಯಿಲ್ಲ. ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಮೊಬೈಲೂ ಅಡುಗೆಮನೆಯಲ್ಲಿ ಇರಬೇಕು, ಅಪ್ಪನದೂ ಸೇರಿ. ಮಕ್ಕಳು ಪರದೆ ನೋಡುತ್ತ ಕೂತರೆ ಅಪ್ಪ ಅಮ್ಮನ ಮುಖ ನೋಡುವುದಿಲ್ಲ. ಅಮ್ಮ ಕಣ್ಣು ಮುಚ್ಚಿದಾಗ ಮುಖ ಹೇಗಿರುತ್ತದೆ ಅಂತ ಮಕ್ಕಳು ಕದ್ದು ನೋಡುತ್ತಾರಲ್ಲ, ಅವರು ಕಲಿಯುವುದು ಅಲ್ಲಿಂದ. ಮೊದಲ ವಾರ ಗಲಾಟೆ ಮಾಡುತ್ತಾರೆ. ಎರಡು ಮೂರು ನಿಮಿಷದಿಂದ ಶುರು ಮಾಡಿ.

ಸಂಜೆ ಪ್ರಾರ್ಥನೆಯ ಹೊತ್ತಿಗೆ ಪಕ್ಕದ ಮನೆಯ ಹಿಂದೂ ಮಕ್ಕಳು ಆಡಲು ಬಂದಿರುತ್ತಾರೆ. ಕಳಿಸಿಬಿಡಲಾ? ಕೂರಿಸಿಕೊಂಡರೆ ಅವರ ಮನೆಯವರು ಏನಂದುಕೊಳ್ಳುತ್ತಾರೋ ಅಂತ ಚಿಂತೆ.
— ಕುಮಟಾ

ಕಳಿಸಬೇಡಿ, ಕೂರಿಸಲೂ ಬೇಡಿ. 'ನಾವು ಹತ್ತು ನಿಮಿಷ ಪ್ರಾರ್ಥನೆ ಮಾಡುತ್ತೇವೆ, ನೀವು ಜಗಲಿಯಲ್ಲಿ ಆಡುತ್ತಿರಿ' ಅನ್ನಿ. ಒಳಗೆ ಬಂದು ನೋಡುತ್ತ ನಿಂತರೆ ನಿಲ್ಲಲಿ. ಶಿಲುಬೆ ಗುರುತು ಹಾಕು, ಮೊಣಕಾಲೂರು ಅಂತ ಹೇಳಿಸಬೇಡಿ. ನಿಮ್ಮ ಮಕ್ಕಳಿಗೂ ಅದನ್ನು ತಿಳಿಸಿ. ನಮ್ಮ ಮಕ್ಕಳು ಚೌತಿಗೆ ಅವರ ಮನೆಗೆ ಹೋಗಿ ಗಣಪತಿ ನೋಡಿ, ಪಂಚಕಜ್ಜಾಯ ತಿಂದು ಬರುತ್ತಾರೆ. ಅಲ್ಲಿ ಅವರಿಗೆ ಸಿಗುವ ಮರ್ಯಾದೆಯೇ ಇಲ್ಲಿ ಇವರಿಗೂ ಸಿಗಬೇಕು. ಡಿಸೆಂಬರಿನಲ್ಲಿ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಪ್ರತಿಕೃತಿ) ಕಟ್ಟುವಾಗ ಆ ಮಕ್ಕಳನ್ನೂ ಕರೆಯಿರಿ. ಪಾಚಿ ತರಲು, ಭತ್ತದ ಸಸಿ ಬೆಳೆಸಲು, ಕುರಿ ನಿಲ್ಲಿಸಲು ಎಷ್ಟು ಕೈ ಇದ್ದರೂ ಬೇಕು. 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಸಂತ ಫ್ರಾನ್ಸಿಸರು ಗೋದಲಿ ಏರ್ಪಡಿಸಿದಾಗ ಎತ್ತು, ಕತ್ತೆಯನ್ನೂ ತಂದು ನಿಲ್ಲಿಸಿದ್ದರು, ಸುತ್ತಲಿನ ಜನರೆಲ್ಲ ನೋಡಲು ಬಂದಿದ್ದರು.

ಚಿಂತೆ ಇದ್ದರೆ ಅವರ ಅಮ್ಮನ ಹತ್ತಿರ ನೀವೇ ಹೋಗಿ ಮಾತಾಡಿ. 'ಏಳಕ್ಕೆ ನಮ್ಮ ಪ್ರಾರ್ಥನೆ ಇರುತ್ತದೆ, ಮಕ್ಕಳು ಇದ್ದರೆ ಪರವಾಗಿಲ್ಲವಾ, ಇಲ್ಲ ಆ ಹೊತ್ತಿಗೆ ಮನೆಗೆ ಕಳಿಸಲಾ?' ಅಂತ ಕೇಳಿ, ಅವರು ಹೇಳಿದ ಹಾಗೆ ಮಾಡಿ. ಈ ಮಾತನ್ನು ಮಕ್ಕಳ ಬಾಯಲ್ಲಿ ಹೇಳಿ ಕಳಿಸಬೇಡಿ.